ಹಂಪಿಯ ಗುಂಡುಗಳನ್ನು ಪೇರಿಸಿದವರು ಯಾರು? ಭೂವಿಜ್ಞಾನಿಯನ್ನು ಕೇಳಿ

ಪ್ರಶ್ನೆ (ಶಾಲಾ ಶಿಕ್ಷಕಿ, ದಾವಣಗೆರೆ)

ಮೇಡಂ, ನಮಸ್ಕಾರ. ಕಳೆದ ವಾರ ಏಳನೇ ತರಗತಿ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ಮಾತಂಗ ಬೆಟ್ಟದ ಬುಡದಲ್ಲಿ ಒಬ್ಬ ಹುಡುಗ, "ಮಿಸ್, ಇಷ್ಟು ದೊಡ್ಡ ಗುಂಡುಗಳನ್ನು ಒಂದರ ಮೇಲೊಂದು ಇಟ್ಟವರು ಯಾರು?" ಅಂತ ಕೇಳಿದ. ಗೈಡ್ ವಾಲಿ ಸುಗ್ರೀವರ ಜಗಳದ ಕಥೆ ಹೇಳಿದರು. ಇನ್ನೊಬ್ಬ ಹುಡುಗ ಜ್ವಾಲಾಮುಖಿ ಅಂದ. ನಾನು ಭೂಕಂಪ ಇರಬಹುದು ಅಂದೆ. ಅಂದ ಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಗೊತ್ತಿಲ್ಲದ್ದನ್ನು ಹೇಳಿಬಿಟ್ಟೆ ಅನ್ನಿಸಿತು. ನಿಜ ಏನು, ಮಕ್ಕಳಿಗೆ ಅರ್ಥ ಆಗುವ ಹಾಗೆ ಹೇಳಿಕೊಡ್ತೀರಾ?

ಉತ್ತರ (ಭೂವಿಜ್ಞಾನಿ; ಅಂತರ್ಜಲ ಮತ್ತು ಅಡಿಪಾಯ ಪರೀಕ್ಷೆಯ ಕೆಲಸ, 22 ವರ್ಷ)

ನಮಸ್ಕಾರ ಮೇಡಂ. ನಾನು ಹುಟ್ಟಿ ಬೆಳೆದದ್ದು ಗಂಗಾವತಿ ಕಡೆ. ಆ ಹುಡುಗ ಕೇಳಿದ್ದನ್ನೇ ನಾನೂ ಚಿಕ್ಕವಳಿದ್ದಾಗ ಕೇಳಿದ್ದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಗುಂಡುಗಳನ್ನು ಯಾರೂ ತಂದು ಇಟ್ಟಿಲ್ಲ. ಅವು ತಮ್ಮ ಜಾಗದಲ್ಲೇ ಇವೆ. ಸುತ್ತ ಇದ್ದ ಕಲ್ಲು ಮಣ್ಣಾಗಿ ಹೋಗಿದೆ. ಅದು ಹೇಗೆ ಹೋಯಿತು ಅಂತ ನೋಡೋಣ.

ಸುಮಾರು 250 ಕೋಟಿ ವರ್ಷಗಳ ಹಿಂದೆ, ನೆಲದಿಂದ ಹಲವು ಕಿಲೋಮೀಟರ್ ಆಳದಲ್ಲಿ, ಕರಗಿದ ಶಿಲೆ ನಿಧಾನವಾಗಿ ತಣ್ಣಗಾಗಿ ಗ್ರಾನೈಟ್ ಆಯಿತು. ಅದು ಮೇಲೆ ಉಕ್ಕಿ ಹರಿಯಲೇ ಇಲ್ಲ. ಹಾಗಾಗಿ ಜ್ವಾಲಾಮುಖಿ ಅಂತ ಹೇಳಲಾಗದು. ಈ ಕಲ್ಲಿನ ಪಟ್ಟಿ ರಾಮನಗರದ ಕಡೆಯಿಂದ ತುಮಕೂರು ಜಿಲ್ಲೆ ದಾಟಿ ಹಂಪಿಯವರೆಗೂ, ಅದರಾಚೆಗೂ ಹೋಗುತ್ತದೆ. ಹೆಚ್ಚು ಕಡಿಮೆ 400 ಕಿಲೋಮೀಟರ್ ಉದ್ದ. ಭೂವಿಜ್ಞಾನದಲ್ಲಿ ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಹೆಸರು. ಕ್ಲೋಸ್‌ಪೇಟೆ ಅಂದರೆ ರಾಮನಗರದ ಹಳೇ ಹೆಸರು. ರಾಮನಗರದ ಬೆಟ್ಟಕ್ಕೂ ಹಂಪಿಯ ಬೆಟ್ಟಕ್ಕೂ ಮುಖಚಹರೆ ಒಂದೇ ಥರ ಇರುವುದು ಸುಮ್ನೆ ಅಲ್ಲ. ಅವೆರಡೂ ಒಂದೇ ಮನೆತನದ ಕಲ್ಲು.

ಮೇಲಿದ್ದ ಶಿಲೆಗಳು ಕೋಟ್ಯಂತರ ವರ್ಷ ಸವೆದು ಸವೆದು ಹೋದವು. ಮೇಲಿನ ಭಾರ ಕಡಿಮೆ ಆದ ಹಾಗೆ ಗ್ರಾನೈಟ್ ಸ್ವಲ್ಪ ಹಿಗ್ಗಿತು. ತಣ್ಣಗಾಗುವಾಗ ಬಿದ್ದ ಬಿರುಕು, ಭೂಮಿ ಹಿಂಡಿದಾಗ ಬಿದ್ದ ಸೀಳು, ಹಿಗ್ಗಿದಾಗ ಬಿದ್ದ ಸೀಳು ಎಲ್ಲಾ ಸೇರಿ ಬಂಡೆ ಒಳಗೊಳಗೇ ದೊಡ್ಡ ದೊಡ್ಡ ಚೌಕಗಳಾಗಿ ಒಡೆಯಿತು. ಗಾರೆ ಹಾಕದೆ ಜೋಡಿಸಿದ ಗೋಡೆಯ ಹಾಗೆ ಅಂತ ಮಕ್ಕಳಿಗೆ ಹೇಳಿ. ಆಗಿನ್ನೂ ಇದೆಲ್ಲ ನೆಲದೊಳಗೇ ಇತ್ತು.

ಆಮೇಲೆ ನೀರಿನ ಸರದಿ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಅದು ಬಿರುಕುಗಳಲ್ಲಿ ಇಳಿಯುತ್ತದೆ. ಗ್ರಾನೈಟ್‌ನಲ್ಲಿ ಮುಖ್ಯವಾಗಿ ಮೂರು ಥರದ ಹರಳು ಇರುತ್ತವೆ. ಗುಲಾಬಿ ಇಲ್ಲವೇ ಬಿಳಿ ಬಣ್ಣದ ಫೆಲ್ಡ್‌ಸ್ಪಾರ್, ಗಾಜಿನಂಥ ಬೆಣಚು, ಮತ್ತೆ ಕಪ್ಪಗೆ ಮಿನುಗುವ ಕಾಗೆಬಂಗಾರ. ಈ ಹುಳಿ ನೀರಿಗೆ ಫೆಲ್ಡ್‌ಸ್ಪಾರ್ ಮೆತ್ತಗಾಗಿ ಜೇಡಿಮಣ್ಣಾಗುತ್ತದೆ. ಕಾಗೆಬಂಗಾರ ಉಬ್ಬಿ, ತುಕ್ಕು ಹಿಡಿದು, ಪಕ್ಕದ ಹರಳುಗಳನ್ನು ದೂಡುತ್ತದೆ. ಬೆಣಚು ಮಾತ್ರ ಜಗ್ಗುವುದಿಲ್ಲ, ಮರಳಾಗಿ ಉಳಿಯುತ್ತದೆ. ಹೀಗೆ ಗಟ್ಟಿ ಬಂಡೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಗರಸು ಆಗುತ್ತದೆ. ರಸ್ತೆಗೆ ಹಾಕುತ್ತಾರಲ್ಲ, ಮೊರಂ ಅಂತಾರಲ್ಲ, ಅದೇ.

ಚೌಕ ಗುಂಡಾಗುವುದು ಹೇಗೆ? ಇದನ್ನು ಪಾತ್ರೆಯಲ್ಲೇ ತೋರಿಸಬಹುದು. ಪಾನಕ ಮಾಡುವಾಗ ಅಚ್ಚುಬೆಲ್ಲ ನೀರಿಗೆ ಹಾಕಿ, ಕಲಕದೆ ಸುಮ್ನೆ ನೋಡಿ. ಮೊದಲು ಮೂಲೆಗಳು ಕರಗುತ್ತವೆ, ಆಮೇಲೆ ಅಂಚುಗಳು. ಕೊನೆಗೆ ಉಂಡೆ ಉಳಿಯುತ್ತದೆ. ಮೂಲೆಗೆ ಮೂರು ಕಡೆಯಿಂದ ನೀರು ತಾಗುತ್ತದೆ, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ನೆಲದೊಳಗಿನ ಕಲ್ಲಿನ ಚೌಕಕ್ಕೂ ಇದೇ ಆಗುತ್ತದೆ. ಸುತ್ತ ಗರಸು, ನಡುವೆ ಕೊಳೆಯದೆ ಉಳಿದ ಗುಂಡು.

ಇನ್ನು ಕೊನೆಯ ಕೆಲಸ. ಮಳೆ ಹೊಡೆದು, ಹಳ್ಳ ಕೊರೆದು, ಗರಸೆಲ್ಲ ತೊಳೆದು ತುಂಗಭದ್ರೆಗೆ ಸೇರಿತು. ನೀರು ಗುಂಡುಗಳನ್ನು ಎತ್ತಲಾರದು. ನಡುವಿನ ಗರಸು ಜಾರಿಹೋದ ಹಾಗೆ ಮೇಲಿನ ಗುಂಡು ಕೆಳಗಿನದರ ಮೇಲೆ ಮೆಲ್ಲಗೆ ಕೂತಿತು. ಕೆಲವು ಉರುಳಿ ಬುಡಕ್ಕೆ ಬಿದ್ದವು. ಕೂತವನ್ನು ನೋಡಿ ನಾವು "ಯಾರೋ ಪೇರಿಸಿದ್ದಾರೆ" ಅಂತೀವಿ.

ಭೂಕಂಪ ಅಂದಿರಿ ಅಂತ ಬೇಸರ ಮಾಡಿಕೊಳ್ಳಬೇಡಿ, ತುಂಬ ಜನ ಹಾಗೇ ಅಂದುಕೊಂಡಿದ್ದಾರೆ. ಆದರೆ ಜೋರಾಗಿ ಅಲುಗಾಡಿದ್ದರೆ ಆ ತುದಿಗಾಲಿನ ಗುಂಡುಗಳೇ ಮೊದಲು ಬೀಳಬೇಕಿತ್ತು ಅಲ್ವಾ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಿಜ್ಞಾನಿಗಳು ಇಂಥ ಗುಂಡುಗಳನ್ನು ನೋಡಿಯೇ, ಹಿಂದೆ ಅಲ್ಲಿ ಎಷ್ಟು ಜೋರಿನ ಭೂಕಂಪ ಆಗಿರಲು ಸಾಧ್ಯವಿಲ್ಲ ಅಂತ ಲೆಕ್ಕ ಹಾಕುತ್ತಾರೆ. ವಾಲಿ ಸುಗ್ರೀವರ ಕಥೆಯನ್ನೂ ಮಕ್ಕಳಿಗೆ ಹೇಳಿ. ಈ ಗುಂಡುಗಳನ್ನು ಕಂಡು ನಮ್ಮ ಹಿರಿಯರಿಗೂ ಅದೇ ಪ್ರಶ್ನೆ ಹುಟ್ಟಿತ್ತು.

ಪ್ರಶ್ನೆ (ಬೋರ್‌ವೆಲ್ ಲಾರಿಯಲ್ಲಿ ಕೆಲಸ, ಕೊಪ್ಪಳ)

ಅಕ್ಕಾ, ನೀವು ಬರೆದದ್ದು ಓದಿ ಒಂದು ನೆನಪಾಯಿತು. ಹೋದ ವರ್ಷ ಒಂದು ಹೊಲದಲ್ಲಿ 30 ಅಡಿಗೆ ಗಟ್ಟಿ ಬಂಡೆ ಸಿಕ್ಕಿತು. ಇನ್ನು ಕೇಸಿಂಗ್ (ಮಣ್ಣು ಕುಸಿಯದ ಹಾಗೆ ಬೋರ್‌ಗೆ ಇಳಿಸುವ ಕೊಳವೆ) ಬೇಡ ಅಂತ ನಿಲ್ಲಿಸಿದೆವು. ಎಂಟು ಅಡಿ ಹೊಡೆದ ಮೇಲೆ ಮತ್ತೆ ಗರಸು ಬಂತು. ಮಣ್ಣು ಕುಸಿದು ಬೋರ್ ಮುಚ್ಚಿಕೊಂಡಿತು. ರೈತನಿಗೂ ನಷ್ಟ, ನಮಗೂ ಕೆಟ್ಟ ಹೆಸರು. ಬಂಡೆ ಕೆಳಗೆ ಮಣ್ಣು ಹೆಂಗೆ ಬಂತು ಅಂತ ತಲೆ ಕೆಡಿಸಿಕೊಂಡಿದ್ದೆವು. ಅದೂ ಇದೇನಾ?

ಉತ್ತರ

ಅದೇ ತಮ್ಮಾ. ನೀವು ಹೊಡೆದದ್ದು ತಳಬಂಡೆ ಅಲ್ಲ, ಅಂದರೆ ಕೆಳಗೆಲ್ಲ ಹಬ್ಬಿರುವ ಗಟ್ಟಿ ಕಲ್ಲಲ್ಲ, ಗರಸಿನ ನಡುವೆ ಕೂತಿದ್ದ ಒಂದು ಗುಂಡು. ಆ ಹೊಲದ ಕೆಳಗೆ ಇನ್ನೂ ಹೊರಗೆ ಬಾರದ ಒಂದು ಹಂಪಿ ಇದೆ ಅಂದುಕೊಳ್ಳಿ. ಮೇಲಿನ ಗರಸನ್ನು ಮಳೆ ತೊಳೆದರೆ ಅಲ್ಲೂ ಗುಂಡುಗಳ ಗುಡ್ಡವೇ ಕಾಣುತ್ತದೆ. ನನ್ನ ಉದ್ದದ ಉತ್ತರಕ್ಕಿಂತ ನಿಮ್ಮ ಎಂಟು ಅಡಿ ಒಳ್ಳೆಯ ಸಾಕ್ಷಿ.

ನನಗೂ ಇದರಿಂದ ಪೆಟ್ಟು ಬಿದ್ದಿದೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ. ಒಂದು ಸಣ್ಣ ಸೇತುವೆಯ ಕಂಬಕ್ಕೆ ಜಾಗ ನೋಡುತ್ತಿದ್ದೆವು. 5 ಮೀಟರ್‌ಗೆ ಕಲ್ಲು ಸಿಕ್ಕಿತು. ಅರ್ಧ ಮೀಟರ್ ಕೊರೆದು "ತಳಬಂಡೆ" ಅಂತ ಬರೆದುಕೊಟ್ಟೆ. ಹಿರಿಯ ಎಂಜಿನಿಯರ್ ಒಬ್ಬರು ಒಪ್ಪಲಿಲ್ಲ, ಇನ್ನೂ ಕೊರೆಯಿರಿ ಅಂದರು. ಒಂದೂವರೆ ಮೀಟರ್ ಆದ ಮೇಲೆ ಕೊಳವೆಯಲ್ಲಿ ಕೆಂಪು ಗರಸು ಬಂತು. ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ಕಂಬ ಆ ಗುಂಡಿನ ಮೇಲೆ ಕೂತಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ಯೋಚನೆ ಬರುತ್ತದೆ.

ಅವತ್ತಿನಿಂದ ಗ್ರಾನೈಟ್ ಸೀಮೆಯಲ್ಲಿ ಕಲ್ಲು ಸಿಕ್ಕ ತಕ್ಷಣ ನಂಬುವುದಿಲ್ಲ. ಕಡಿಮೆ ಅಂದರೂ ಇನ್ನೊಂದು ಹತ್ತು ಹದಿನೈದು ಅಡಿ ಹೋಗಿ ನೋಡುತ್ತೇನೆ. ಹತ್ತಿರದಲ್ಲಿ ದೊಡ್ಡ ಗುಂಡುಗಳಿದ್ದರೆ ಅದೂ ಸಾಲದು. ನೀವು ಬೋರ್‌ನಿಂದ ಹಾರುವ ಪುಡಿ ನೋಡಿ. ಬೂದು, ಬಿಳಿ ಇಲ್ಲವೇ ತಿಳಿ ಗುಲಾಬಿ ಪುಡಿ ಒಂದೇ ಸಮ ಬರುತ್ತಿದ್ದರೆ ಗಟ್ಟಿ ಕಲ್ಲು. ತುಕ್ಕು ಬಣ್ಣ, ಅಂಟು ಮಣ್ಣು ಕಂಡರೆ ಇನ್ನೂ ಕೊಳೆತ ಪದರದಲ್ಲೇ ಇದ್ದೀರಿ. ಪಕ್ಕದ ಹಳೇ ತೆರೆದ ಬಾವಿ ಇದ್ದರೆ ಇಣುಕಿ ನೋಡಿ. ಗೋಡೆಯಲ್ಲಿ ಗುಂಡುಗಳು ಎದ್ದು ಕಾಣುತ್ತವೆ.

ಪ್ರಶ್ನೆ (ಬೆಂಗಳೂರು, ಚಾರಣ ಹವ್ಯಾಸ)

ಮೇಡಂ, ಸಾವನದುರ್ಗಕ್ಕೆ ಜಾಸ್ತಿ ಹೋಗ್ತೀನಿ. ಅದೂ ಗ್ರಾನೈಟ್ ಅಂತಾರೆ. ಅಲ್ಲಿ ಯಾಕೆ ಗುಂಡುಗಳ ರಾಶಿ ಇಲ್ಲ? ಇಡೀ ಬೆಟ್ಟ ಒಂದೇ ಬಂಡೆ ಥರ ಇದೆಯಲ್ಲ?

ಉತ್ತರ

ಬಿರುಕಿನ ಲೆಕ್ಕ ಅಷ್ಟೇ. ಬಿರುಕು ಹತ್ತಿರ ಹತ್ತಿರ ಇದ್ದರೆ ನೀರಿಗೆ ದಾರಿ ಜಾಸ್ತಿ, ಬಂಡೆ ಗುಂಡುಗಳಾಗುತ್ತದೆ. ಬಿರುಕು ದೂರ ದೂರ ಇದ್ದರೆ ನೀರಿಗೆ ಒಳಗೆ ಹೋಗಲು ಬಾಗಿಲೇ ಇಲ್ಲ. ಸುತ್ತಲಿನದು ಸವೆದು, ಬೋಳು ತಲೆಯ ಏಕಶಿಲಾ ಬೆಟ್ಟ ಉಳಿಯುತ್ತದೆ. ಸಾವನದುರ್ಗ, ಮಧುಗಿರಿ ಹಾಗೆ.

ಶ್ರವಣಬೆಳಗೊಳದ ಗೊಮ್ಮಟ ಮೂರ್ತಿ ನೆನೆದುಕೊಳ್ಳಿ. ಸುಮಾರು 57 ಅಡಿ, ಒಂದೇ ಕಲ್ಲು. ಅಷ್ಟೆತ್ತರಕ್ಕೆ ಅಡ್ಡ ಸೀಳಿಲ್ಲದ ಜಾಗ ಹಂಪಿಯ ಗುಡ್ಡಗಳಲ್ಲಿ ಸಿಗುವುದು ಕಷ್ಟ. ವಿಂಧ್ಯಗಿರಿಯಂಥ ಬೋಳು ಬೆಟ್ಟದಲ್ಲಿ ಸಿಕ್ಕಿತು. ಆ ಶಿಲ್ಪಿಗಳಿಗೆ ಕಲ್ಲಿನ ನಾಡಿ ಗೊತ್ತಿತ್ತು. ನನಗೆ ಅವರ ಮೇಲೆ ಬಹಳ ಗೌರವ.

ಪ್ರಶ್ನೆ (ಕೃಷಿಕ, ಮೊಳಕಾಲ್ಮೂರು ತಾಲ್ಲೂಕು)

ನಮ್ಮ ತಾತ ಕಲ್ಲು ಒಡೆಯುವ ಕೆಲಸ ಮಾಡುತ್ತಿದ್ದರು. ಬಂಡೆ ಮೇಲೆ ಸೌದೆ ಉರಿಸಿ, ಚಪ್ಪಡಿ ಎಬ್ಬಿಸುತ್ತಿದ್ದರಂತೆ. ಹಾಗಾದರೆ ನಮ್ಮ ಕಡೆಯ ಬಿಸಿಲೂ ಬಂಡೆಯನ್ನು ಒಡೆಯುತ್ತದಾ? ನೀವು ನೀರಿನ ಮಾತೇ ಜಾಸ್ತಿ ಹೇಳಿದಿರಿ.

ಉತ್ತರ

ಒಳ್ಳೆ ಜಾಗಕ್ಕೆ ಕೈ ಹಾಕಿದಿರಿ ಅಣ್ಣಾ. ನೆಲದೊಳಗೆ ನೀರಿನದೇ ಮೇಲುಗೈ. ಬಂಡೆ ಹೊರಗೆ ಬಂದ ಮೇಲೆ ಬಿಸಿಲೂ ಸೇರಿಕೊಳ್ಳುತ್ತದೆ. ಗ್ರಾನೈಟ್‌ನಲ್ಲಿ ಮೇಲ್ಮೈಗೆ ಸಮಾನಾಂತರವಾಗಿ, ಈರುಳ್ಳಿ ಸಿಪ್ಪೆಯ ಹಾಗೆ ಸೀಳುಗಳಿರುತ್ತವೆ. ನಿಮ್ಮ ತಾತ ಬೆಂಕಿ ಹಾಕಿ ಎಬ್ಬಿಸಿದ್ದು ಅದೇ ಸಿಪ್ಪೆಯನ್ನು. ಮೇಲಿನ ಪದರ ಕಾದು ಹಿಗ್ಗುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ, ನಡುವೆ ಬಿಟ್ಟುಕೊಳ್ಳುತ್ತದೆ. ಅಮೆರಿಕದ ಯೋಸೆಮಿಟಿ ಕಣಿವೆಯಲ್ಲಿ ಅಳತೆಯ ಉಪಕರಣ ಇಟ್ಟು ನೋಡಿದ್ದಾರೆ. ಹಗಲು ಬಿಸಿಗೆ ಗ್ರಾನೈಟ್ ಪದರ ಬಂಡೆಯಿಂದ ಸ್ವಲ್ಪ ದೂರ ಸರಿಯುತ್ತದೆ, ರಾತ್ರಿ ತಣ್ಣಗಾದಾಗ ವಾಪಸ್ ಬರುತ್ತದೆ. ದಿನಾ ಹೀಗೇ ಆಗಿ ಆಗಿ ಒಂದು ದಿನ ಕಳಚಿ ಬೀಳುತ್ತದೆ. ನಿಮ್ಮ ಹೊಲದ ಬಂಡೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಸಿಪ್ಪೆ ಬಿಟ್ಟ ಕಡೆ ಟೊಳ್ಳು ಸದ್ದು, ಗಟ್ಟಿ ಕಡೆ ಗಂಟೆಯಂಥ ಸದ್ದು. ತಾತನವರೂ ಹಾಗೇ ತಟ್ಟಿ ನೋಡಿರುತ್ತಾರೆ.

ಪ್ರಶ್ನೆ (ಶಾಲಾ ಶಿಕ್ಷಕಿ, ದಾವಣಗೆರೆ)

ಮೇಡಂ, ತುಂಬಾ ಧನ್ಯವಾದ. ಇನ್ನೊಂದು ಚಿಂತೆ. ಹಂಪಿಯಲ್ಲಿ ಮಕ್ಕಳು ಆ ಗುಂಡುಗಳ ಕೆಳಗೇ ಕೂತು ಊಟ ಮಾಡಿದರು. ಅವು ಬೀಳುವುದಿಲ್ಲವಾ?

ಉತ್ತರ

ಬೀಳುತ್ತವೆ, ಆದರೆ ನಮ್ಮ ಆಯುಷ್ಯದ ಲೆಕ್ಕದಲ್ಲಿ ಬಹಳ ಅಪರೂಪ. ಮೇಲೆ ಮಣ್ಣಿಲ್ಲದೆ ತೆರೆದಿರುವ ಗ್ರಾನೈಟ್ ಸವೆಯುವುದು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮೀಟರ್. ವಿಜಯನಗರದ ಕಾಲದವರು ಕಂಡ ಗುಂಡುಗಳನ್ನೇ ನಾವೂ ಕಾಣುತ್ತಿದ್ದೇವೆ. ಹಾಗಂತ ಶಾಶ್ವತ ಅಲ್ಲ. ಕಮಲಾಪುರದ ದಾರಿಯಲ್ಲಿ ಒಂದಕ್ಕೊಂದು ಒರಗಿ ನಿಂತ ಅಕ್ಕತಂಗಿಯರ ಗುಡ್ಡ ನೋಡಿರಬೇಕು. ಹಂಪಿಯನ್ನು ಹೀಯಾಳಿಸಿದ ಅಕ್ಕತಂಗಿಯರು ಕಲ್ಲಾದರು ಅನ್ನುವ ಕಥೆ ಇದೆಯಲ್ಲ, ಅದೇ. ಅದರಲ್ಲಿ ಒಂದರ ಭಾಗ ಒಡೆದು ಬಿದ್ದಿದೆ.

ನನಗೆ ಹೆದರಿಕೆ ಇರುವುದು ಬೇರೆ ಕಡೆ. ಗುಂಡಿನ ಬುಡದ ಗರಸನ್ನು ಜೆಸಿಬಿಯಲ್ಲಿ ಬಗೆದು ಟ್ರ್ಯಾಕ್ಟರ್ ತುಂಬುತ್ತಾರೆ. ಸಾವಿರಾರು ವರ್ಷ ಮಳೆ ಮಾಡುವ ಕೆಲಸ ಒಂದೇ ಮಧ್ಯಾಹ್ನದಲ್ಲಿ ಆಗಿಹೋಗುತ್ತದೆ. ಗುಂಡಿಗೆ ಮೆಲ್ಲಗೆ ಕೂರಲು ಸಮಯವೇ ಸಿಗುವುದಿಲ್ಲ. ಅದರಲ್ಲೂ ಮೊದಲ ಮಳೆ ಬಿದ್ದಾಗ ಅಂಥ ಜಾಗಕ್ಕೆ ಯಾರೂ ಹೋಗಬೇಡಿ. ಮಕ್ಕಳನ್ನಂತೂ ಬಿಡಲೇಬೇಡಿ. ಹಳೇ ಗುಡ್ಡದ ನೆರಳಲ್ಲಿ ಊಟ ಮಾಡಿದ್ದಕ್ಕೆ ಗಾಬರಿ ಬೇಡ.

ಪ್ರಶ್ನೆ (ಶಾಲಾ ಶಿಕ್ಷಕಿ, ದಾವಣಗೆರೆ)

ಸರಿ ಮೇಡಂ, ಈಗ ಸಮಾಧಾನ. ಕೊನೇದು. ನದಿಯ ಬಂಡೆಗಳಲ್ಲಿ ಒರಳಿನ ಥರ ದುಂಡಗಿನ ಗುಂಡಿಗಳಿದ್ದವು. ಅವನ್ನು ಯಾರಾದರೂ ಕೊರೆದದ್ದಾ?

ಉತ್ತರ

ಅವನ್ನು ಕೊರೆದದ್ದು ನದಿ. ಬಂಡೆಯ ಸಣ್ಣ ತಗ್ಗಿನಲ್ಲಿ ಒಂದೆರಡು ಕಲ್ಲು, ಒಂದಿಷ್ಟು ಮರಳು ಸಿಕ್ಕಿಕೊಳ್ಳುತ್ತದೆ. ಪ್ರವಾಹದ ಸುಳಿ ಅವನ್ನು ಅಲ್ಲೇ ಗಿರಗಿರ ತಿರುಗಿಸುತ್ತದೆ. ಹಿಟ್ಟು ರುಬ್ಬಿದ ಹಾಗೆ ವರ್ಷ ವರ್ಷವೂ ತಗ್ಗು ಆಳ ಆಗುತ್ತದೆ. ಆ ಮರಳು ಎಲ್ಲಿಂದ ಬಂತು ಅಂತ ಮಕ್ಕಳನ್ನು ಕೇಳಿ. ಬಹುಪಾಲು ಕೊಳೆತ ಗ್ರಾನೈಟ್‌ನಿಂದ ಉಳಿದ ಬೆಣಚು.

ಬೇಸಿಗೆಯಲ್ಲಿ ನೀರು ಇಳಿದಾಗ ಹೋಗಿ. ಮೇಲೆ ಹೊಸಪೇಟೆಯಲ್ಲಿ ಅಣೆಕಟ್ಟು ಇದೆ, ನೀರು ಬಿಡುತ್ತಾರಾ ಅಂತ ಮೊದಲು ವಿಚಾರಿಸಿಕೊಳ್ಳಿ. ಒಣಗಿದ ಗುಂಡಿ ಸಿಕ್ಕರೆ ತಳದ ಮರಳಲ್ಲಿ ಕೈ ಆಡಿಸಿ ನೋಡಿ. ರುಬ್ಬಿ ರುಬ್ಬಿ ನುಣುಪಾದ ಮೊಟ್ಟೆಯಂಥ ಕಲ್ಲು ಒಂದೊಂದು ಸಲ ಅಲ್ಲೇ ಇರುತ್ತದೆ. ಆ ಹುಡುಗನ ಅಂಗೈಯಲ್ಲಿ ಇಟ್ಟು ತೋರಿಸಿ, ಆಮೇಲೆ ಗುಂಡಿಯಲ್ಲೇ ವಾಪಸ್ ಹಾಕಲು ಹೇಳಿ. ಮುಂದಿನ ಮಳೆಗಾಲಕ್ಕೆ ನದಿಗೆ ಅದು ಬೇಕಾಗುತ್ತದೆ.