ಕುಡಿತ ಬಿಟ್ಟವರ ಸಭೆಯನ್ನು ಹುಡುಕುವುದು ಹೇಗೆ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನನಗೆ 41 ವರ್ಷ. 12 ವರ್ಷಗಳಿಂದ ಪ್ರತಿದಿನ ಕುಡಿಯುತ್ತಿದ್ದೆ. ಚಿಕಿತ್ಸೆ ಪಡೆದು ಮನೆಗೆ ಬಂದು 19 ದಿನಗಳಾದವು. ಇದುವರೆಗೆ ಒಂದು ಹನಿಯನ್ನೂ ಮುಟ್ಟಿಲ್ಲ. ಆಸ್ಪತ್ರೆಯಿಂದ ಹೊರಡುವಾಗ ‘ಎ.ಎ. ಮೀಟಿಂಗಿಗೆ ಹೋಗಿ’ ಎಂದರೇ ಹೊರತು, ಅದು ಎಲ್ಲಿ, ಯಾವಾಗ ನಡೆಯುತ್ತದೆ ಎಂದು ಹೇಳಲಿಲ್ಲ. ಹತ್ತಿರದ ಸಭೆಯನ್ನು ಹುಡುಕುವುದು ಹೇಗೆ? ಅಲ್ಲಿ ಪರಿಚಯದವರು ಕಂಡರೆ ಏನು ಗತಿ ಎಂಬ ಅಳುಕೂ ಇದೆ.

ಉತ್ತರ: ನೀವು ಸರಿಯಾದ ಸಮಯದಲ್ಲಿ ಕೇಳಿದ್ದೀರಿ. ಚಿಕಿತ್ಸೆ ಮುಗಿದ ನಂತರದ ಮೊದಲ ಕೆಲವು ತಿಂಗಳುಗಳಲ್ಲಿಯೇ ಕುಡಿತ ಮರುಕಳಿಸುವ ಸಂಭವ ಹೆಚ್ಚು. ಆದ್ದರಿಂದ ಈ ಹುಡುಕಾಟವನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಬೇಡಿ.

ಎ.ಎ. ಎಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಸ್ಥೆ. ಅದರ ಜಾಲತಾಣದಲ್ಲಿಯೂ ‘ಮೀಟಿಂಗ್ ಗೈಡ್’ ಎಂಬ ಅದರ ಉಚಿತ ಆ್ಯಪ್‌ನಲ್ಲಿಯೂ ಸಭೆಗಳ ಸ್ಥಳ, ವಾರ ಮತ್ತು ವೇಳೆಯ ವಿವರ ಸಿಗುತ್ತದೆ, ಆದರೆ ಎಲ್ಲ ಗುಂಪುಗಳೂ ಅದರಲ್ಲಿ ಇರುವುದಿಲ್ಲ. ಪಟ್ಟಿಯೊಂದನ್ನೇ ನಂಬಿ ಹೊರಡುವುದೂ ಬೇಡ. ಸಭೆ ಬೇರೆ ಕಟ್ಟಡಕ್ಕೆ ಹೋಗಿದ್ದನ್ನು ತಿಳಿಯದೆ, ಬೀಗ ಹಾಕಿದ ಬಾಗಿಲನ್ನು ನೋಡಿ ಹಿಂತಿರುಗಿ, ಮತ್ತೆ ಆ ಕಡೆ ತಲೆ ಹಾಕದವರನ್ನು ನಾನು ಕಂಡಿದ್ದೇನೆ. ನಿಮ್ಮ ಪ್ರದೇಶದ ಎ.ಎ. ಸಹಾಯವಾಣಿಗೆ ಮೊದಲು ಕರೆ ಮಾಡಿ. ಅಲ್ಲಿ ಫೋನ್ ಎತ್ತುವವರು ಬಹುಮಟ್ಟಿಗೆ ತಾವೇ ಕುಡಿತ ಬಿಟ್ಟವರಾಗಿರುತ್ತಾರೆ. ಸಭೆ ಎಲ್ಲರಿಗೂ ಮುಕ್ತವೇ ಅಥವಾ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರವೇ, ಯಾವ ಭಾಷೆಯಲ್ಲಿ ಮಾತುಕತೆ ನಡೆಯುತ್ತದೆ, ಮೊದಲ ದಿನ ಬಾಗಿಲ ಬಳಿ ಯಾರಾದರೂ ನಿಂತಿರುತ್ತಾರೆಯೇ ಎಂದು ವಿಚಾರಿಸಿ. ಕೊನೆಯ ಪ್ರಶ್ನೆಯನ್ನು ಸಂಕೋಚಪಟ್ಟು ಬಿಟ್ಟುಬಿಡಬೇಡಿ.

ಈ ಸಂಸ್ಥೆ ಹುಟ್ಟಿದ್ದೂ ಇಂಥದೊಂದು ಕರೆಯಿಂದಲೇ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್, 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ನಗರದ ಹೋಟೆಲೊಂದರಲ್ಲಿ ಒಬ್ಬರೇ ನಿಂತಿದ್ದಾಗ, ಪಕ್ಕದ ಬಾರ್ ಅವರನ್ನು ಸೆಳೆಯುತ್ತಿತ್ತು. ಅವರು ಅತ್ತ ಹೋಗದೆ, ತಮ್ಮಂತೆಯೇ ನರಳುತ್ತಿರುವ ಇನ್ನೊಬ್ಬರೊಡನೆ ಮಾತನಾಡಬೇಕೆಂದು ಚರ್ಚುಗಳ ಪಟ್ಟಿ ಹಿಡಿದು ದೂರವಾಣಿ ಮಾಡುತ್ತ ಹೋದರು. ಹಾಗೆ ಸಿಕ್ಕ ಶಸ್ತ್ರವೈದ್ಯ ಬಾಬ್ ಸ್ಮಿತ್ ಕುಡಿತ ನಿಲ್ಲಿಸಿದ ಜೂನ್ 10ನ್ನೇ ಸಂಸ್ಥೆಯ ಹುಟ್ಟುದಿನವೆಂದು ಆಚರಿಸುತ್ತಾರೆ.

ಇನ್ನು ನಿಮ್ಮ ಅಳುಕಿನ ವಿಷಯ. ಅಲ್ಲಿ ಶುಲ್ಕವಿಲ್ಲ, ಪೂರ್ಣ ಹೆಸರನ್ನು ಹೇಳಬೇಕಾಗಿಲ್ಲ; ಕುಡಿತ ಬಿಡಬೇಕೆಂಬ ಬಯಕೆಯೊಂದೇ ಸದಸ್ಯತ್ವಕ್ಕೆ ಸಾಕು. ಪರಿಚಯದವರು ಕಂಡರೆ, ಅವರೂ ಬಹುಮಟ್ಟಿಗೆ ಅದೇ ಕಾರಣಕ್ಕೆ ಬಂದವರೇ ಆಗಿರುತ್ತಾರೆ. ನನ್ನಲ್ಲಿ ಚಿಕಿತ್ಸೆ ಪಡೆದ ಒಬ್ಬರು ಮೂರು ವಾರ ಬಾಗಿಲವರೆಗೆ ಹೋಗಿ, ಒಳಗಿನ ಮಾತು ಕಿವಿಗೆ ಬೀಳುತ್ತಲೇ ಹಿಂತಿರುಗಿದ್ದರು. ನಾಲ್ಕನೆಯ ವಾರ ಅರ್ಧ ಗಂಟೆ ಮುಂಚೆ ಹೋದಾಗ, ಕುರ್ಚಿಗಳನ್ನು ಜೋಡಿಸುತ್ತಿದ್ದ ಹಿರಿಯರೊಬ್ಬರು ಏನನ್ನೂ ವಿಚಾರಿಸದೆ, ‘ಆ ಕಡೆಯದನ್ನು ಸ್ವಲ್ಪ ಹಿಡಿಯಿರಿ’ ಎಂದರಂತೆ. ಸಭೆ ಶುರುವಾಗುವ ಹೊತ್ತಿಗೆ ಇವರು ತಾವೇ ಹಾಕಿದ ಕುರ್ಚಿಯಲ್ಲಿ ಕುಳಿತಿದ್ದರು. ನೀವೂ ಸ್ವಲ್ಪ ಬೇಗ ಹೋಗಿ. ಮಾತನಾಡಲು ಮನಸ್ಸಿಲ್ಲದಿದ್ದರೆ ಸುಮ್ಮನೆ ಕೇಳಿಸಿಕೊಂಡರೂ ಸಾಕು. ಮೊದಲ ಗುಂಪು ಒಗ್ಗದಿದ್ದರೆ ಇನ್ನೆರಡು ಗುಂಪುಗಳನ್ನಾದರೂ ನೋಡದೆ ಬಿಡಬೇಡಿ. ಸಭೆಯಲ್ಲಿ ಯಾರೋ ಹೇಳಿದರೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ಖಂಡಿತ ನಿಲ್ಲಿಸಬಾರದು.

ಮೊದಲು ಕೇಳಿದವರ ಮರುಪ್ರಶ್ನೆ: ಧನ್ಯವಾದಗಳು, ಡಾಕ್ಟರೇ. ನನಗೆ ದೇವರಲ್ಲಿ ನಂಬಿಕೆಯಿಲ್ಲ. ಅಲ್ಲಿ ಪ್ರಾರ್ಥನೆ ಇರುತ್ತದೆ ಎಂದು ಕೇಳಿದ್ದೇನೆ.

ಉತ್ತರ: ಹಲವು ಗುಂಪುಗಳಲ್ಲಿ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಕುಡಿತದಿಂದ ಹೊರಬರಲು ಅವರು ಅನುಸರಿಸುವ ಹನ್ನೆರಡು ಹೆಜ್ಜೆಗಳಲ್ಲಿಯೇ ದೇವರೆಂದರೆ ‘ನಾವು ಅರಿತಂತೆ’ ಎಂಬ ಮಾತಿದೆ. ಗುಂಪಿನ ಬಲವನ್ನೇ ಆಸರೆಯಾಗಿ ಹಿಡಿದ ನಾಸ್ತಿಕರೂ ಅಲ್ಲಿದ್ದಾರೆ. ಅದೂ ಒಗ್ಗದಿದ್ದರೆ, ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದಿಕೊಳ್ಳುವ ವಿಧಾನಗಳನ್ನು ಆಧರಿಸಿದ ‘ಸ್ಮಾರ್ಟ್ ರಿಕವರಿ’ ಸಭೆಗಳಿವೆ, ಅವು ಆನ್‌ಲೈನಿನಲ್ಲಿಯೂ ನಡೆಯುತ್ತವೆ.

ಮಹಿಳೆಯೊಬ್ಬರ ಪ್ರಶ್ನೆ: ಸರ್, ನನ್ನ ಅಣ್ಣ ಬೆಳಿಗ್ಗೆ ಎದ್ದ ಕೂಡಲೇ ಕುಡಿಯುತ್ತಾನೆ, ಇಲ್ಲದಿದ್ದರೆ ಕೈ ನಡುಗುತ್ತದೆ. ಇಂದೇ ಪೂರ್ತಿ ಬಿಡಿಸಿ ನಾಳೆ ಸಭೆಗೆ ಕರೆದುಕೊಂಡು ಹೋಗಬಹುದೇ?

ಉತ್ತರ: ದಯವಿಟ್ಟು ಮನೆಯಲ್ಲೇ ಒಮ್ಮೆಲೇ ಬಿಡಿಸಬೇಡಿ, ಅಮ್ಮಾ. ಬೆಳಗಿನ ನಡುಕ ಎಂದರೆ ದೇಹವೇ ಮದ್ಯಕ್ಕೆ ಒಗ್ಗಿಹೋಗಿದೆ ಎಂದರ್ಥ. ಇಂಥವರಲ್ಲಿ ಕೊನೆಯ ಬಾರಿ ಕುಡಿದ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು; 48ರಿಂದ 96 ಗಂಟೆಗಳ ನಡುವೆ ದಿಕ್ಕು ತಪ್ಪಿದಂತಾಗಿ, ಇಲ್ಲದ್ದನ್ನು ಕಂಡು ಬೆದರಿ, ಜ್ವರವೇರಿ ಪ್ರಾಣಕ್ಕೇ ಅಪಾಯವಾಗಬಹುದು. ಮೊದಲು ವೈದ್ಯರ ಬಳಿ ಕರೆದೊಯ್ಯಿರಿ. ಔಷಧ ಮತ್ತು ಥಯಾಮಿನ್ (ವಿಟಮಿನ್ ಬಿ1) ಕೊಟ್ಟು ಸುರಕ್ಷಿತವಾಗಿ ಬಿಡಿಸುತ್ತಾರೆ. ಅಲ್ಲಿಯವರೆಗೆ ಅವರು ಸಭೆಗೆ ಹೋಗಬಾರದೆಂದೇನೂ ಇಲ್ಲ. ಅವರು ಬರಲು ಒಪ್ಪದಿದ್ದರೂ ನೀವು ಹೋಗಬಹುದು: ಕುಟುಂಬದವರಿಗಾಗಿಯೇ 1951ರಲ್ಲಿ ಆರಂಭವಾದ ‘ಅಲ್-ಅನಾನ್’ ಗುಂಪುಗಳಿವೆ, ಅಲ್ಲಿಗೆ ಹೋಗಲು ಅಣ್ಣನ ಒಪ್ಪಿಗೆ ಬೇಕಾಗಿಲ್ಲ.