ಅಜ್ಜನ ಲೈಕಾ ಎಂ3: ಬೇಗ ರೋಲ್ ಹಾಕೋದು ಹೇಗೆ?

ಪೊನ್ನಂಪೇಟೆ_ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜ ಸೈನ್ಯದಲ್ಲಿದ್ದಾಗ ತಗೊಂಡ ಲೈಕಾ ಎಂ3 ಫಿಲ್ಮ್ ಕ್ಯಾಮೆರಾ ಈಗ ನನ್ನ ಕೈಗೆ ಬಂದಿದೆ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿದಿತ್ತು, ಬಿಚ್ಚಿಸಿ ಒರೆಸಿ ಆಯ್ತು. ಈಗಿನ ಕಷ್ಟ ರೋಲ್ ಹಾಕೋದು.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ತೆಗೆಯುವಾಗ, ಎಲ್ಲರೂ 'ಪೊಲಿ ಪೊಲಿ ದೇವಾ' ಅಂತಿದ್ದಾರೆ, ನಾನು ಒಂದೇ ಸಮನೆ ಕ್ಲಿಕ್ಕಿಸ್ತಾ ಇದ್ದೆ. ಆಮೇಲೆ ನೋಡಿದರೆ ಫಿಲ್ಮ್ ಒಂದಿಂಚೂ ಮುಂದೆ ಹೋಗಿರಲಿಲ್ಲ. ಹೋದ ವಾರ ಚಿಕ್ಕಪ್ಪನ ಮಗನ ಮದುವೆ. ನಮ್ಮ ಕೊಡವ ಮದುವೆ ಶಾಸ್ತ್ರದಂತೆ ಒಡಿಕತ್ತಿ ಹಿಡಿದು ಬಾಳೆ ಕಡಿಯೋಕೆ ನಿಂತರು, ಅಷ್ಟರಲ್ಲಿ ರೋಲ್ ಮುಗಿಯಿತು. ಹೊಸದು ಹಾಕೋಕೆ ನಾಲ್ಕು ನಿಮಿಷ. ಪುತ್ತರಿ ನೆನಪಾಗಿ, ಫಿಲ್ಮ್ ಹಿಡಿದಿದೆಯಾ ಅಂತ ಎರಡು ಸಲ ಕ್ಯಾಮೆರಾದ ತಳ ಬಿಚ್ಚಿ ನೋಡಿದೆ. ತಲೆ ಎತ್ತುವಾಗ ಬಾಳೆ ನೆಲದ ಮೇಲಿತ್ತು, ಜನ ಊಟದ ಕಡೆ ಹೊರಟಿದ್ದರು. ಬೇಗ ಹಾಕೋಕೆ ಏನಾದರೂ ಉಪಾಯ ಇದೆಯಾ?

ಮಡಿಕೇರಿ_ಮಂಜು:
ಸುಲಭದ ದಾರಿ ಬೇಕಂದ್ರೆ ಮದುವೆಗೆ ಕ್ಯಾನನ್ ಕ್ಯಾನೊನೆಟ್ ಕ್ಯೂಎಲ್17 ತಗೊಂಡು ಹೋಗಿ. ಕ್ಯೂಎಲ್ ಅಂದ್ರೆ ಕ್ವಿಕ್ ಲೋಡಿಂಗ್. ಹಿಂಬಾಗಿಲು ತೆಗೆದು ಫಿಲ್ಮ್ ತುದಿಯನ್ನು ಕೆಂಪು ಗುರುತಿನವರೆಗೆ ಎಳೆದು ಮುಚ್ಚಿದರೆ ಆಯ್ತು. ಲೈಕಾದವರೂ 1967ರ ಎಂ4ನಲ್ಲಿ ಫಿಲ್ಮ್ ಸುತ್ತಿಕೊಳ್ಳುವ ಬಿಡಿ ಸ್ಪೂಲ್ (ಉರುಳೆ) ತೆಗೆದುಹಾಕಿ, ಫಿಲ್ಮ್ ತುದಿ ಹಿಡಿಯೋಕೆ ಮೂರು ಎಸಳಿನ ಹೂವಿನಂಥದ್ದು ಇಟ್ಟರು. ಎಂ3 1954ರದ್ದು, ಅದರಲ್ಲಿ ಆ ಸೌಕರ್ಯ ಇಲ್ಲ.

ಹಳೇ_ಡಾರ್ಕ್‌ರೂಮ್:
ಅಜ್ಜನ ಕ್ಯಾಮೆರಾ ಮನೆಯಲ್ಲಿಟ್ಟು ಕ್ಯಾನೊನೆಟ್ ಹಿಡ್ಕೊಂಡು ಹೋಗು ಅನ್ನೋದು ಯಾವ ನ್ಯಾಯ ಮಾರಾಯ!

ತಮ್ಮಾ, ನಿನ್ನ ಕೈ ನಿಧಾನ ಅಲ್ಲ. ನಿನಗೆ ನಂಬಿಕೆ ಬರ್ತಾ ಇಲ್ಲ, ಅದಕ್ಕೇ ಬಿಚ್ಚಿ ಬಿಚ್ಚಿ ನೋಡ್ತೀಯ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದವನು. ಫಿಲ್ಮ್ ಓಡ್ತಾ ಇದೆಯಾ ಅಂತ ಹೊರಗಿಂದಲೇ ಗೊತ್ತಾಗುತ್ತೆ. ತಳ ಮುಚ್ಚಿದ ಮೇಲೆ, ಫಿಲ್ಮ್ ಹಿಂದಕ್ಕೆ ಸುತ್ತುವ ರಿವೈಂಡ್ ಗುಂಡಿಯನ್ನು ಬಾಣದ ಗುರುತಿನ ಕಡೆಗೆ ಮೆಲ್ಲ ತಿರುಗಿಸು, ಸಡಿಲ ಹೋಗಿ ಬೆರಳಿಗೆ ಬಿಗಿ ತಾಗುವವರೆಗೆ ಮಾತ್ರ. ಆಮೇಲೆ ಫಿಲ್ಮ್ ಮುಂದೆ ಸಾಗಿಸುವ ಲಿವರ್ ಎಳೆ. ಆ ಗುಂಡಿ ತಾನಾಗಿ ಹಿಂದಕ್ಕೆ ತಿರುಗಿದರೆ ಫಿಲ್ಮ್ ಹಿಡಿದಿದೆ ಅಂತ ಅರ್ಥ, ಮತ್ತೆ ತಳ ಮುಟ್ಟಬೇಡ. ತಿರುಗದಿದ್ದರೆ ಆಗ ಬಿಚ್ಚು. ಫೋಟೋ ಎಣಿಸುವ ಕೌಂಟರ್ ನಂಬಬೇಡ, ಫಿಲ್ಮ್ ಇಲ್ಲದಿದ್ದರೂ ಅದು ಎಣಿಸ್ತಾ ಹೋಗುತ್ತೆ.

ಇನ್ನು ಬೇಗದ ವಿಷಯ. ಎಂ3ಗೆ ಇನ್ನೊಂದು ಸ್ಪೂಲ್ ಸಂಪಾದಿಸು. ಬೇಗ ಅಂದ್ರೆ ಇದೇ, ಉಳಿದದ್ದೆಲ್ಲ ಪುಡಿ ಉಪಾಯ. ಬೆಳಗ್ಗೆ ಮನೆಯಲ್ಲೇ ಹೊಸ ರೋಲಿನ ತುದಿಯನ್ನು ಆ ಸ್ಪೂಲಿನ ಸೀಳಿಗೆ ಸಿಕ್ಕಿಸಿ, ಎರಡನ್ನೂ ಜೋಡಿಯಾಗಿ ಡಬ್ಬಿಯಲ್ಲಿಟ್ಟುಕೋ. ಅಲ್ಲಿ ಹಳೇ ರೋಲನ್ನೂ ಹಳೇ ಸ್ಪೂಲನ್ನೂ ಹೊರಗೆ ತೆಗೆ, ಈ ಜೋಡಿಯನ್ನು ಒಟ್ಟಿಗೆ ಒಳಗೆ ಇಳಿಸು. ನಿಂತುಕೊಂಡು ಬೆವರು ಕೈಯಲ್ಲಿ ಸೀಳು ಹುಡುಕೋ ಕೆಲಸವೇ ಇಲ್ಲ. ಹಿಂದಿನ ಸಣ್ಣ ಬಾಗಿಲು ತೆರೆದೇ ಇರಲಿ. ಒಮ್ಮೆ ಲಿವರ್ ಎಳೆದು, ಚಕ್ರದ ಹಲ್ಲಿಗೆ ಫಿಲ್ಮಿನ ತೂತು ಕೂತಿದೆಯಾ ಅಂತ ಕಣ್ಣು ಹಾಯಿಸಿ ಮುಚ್ಚು.

ಬಿಚ್ಚಿದ ತಳ ಎಲ್ಲಿಡ್ತೀಯ? ನಾನು ಹಲ್ಲಲ್ಲಿ ಕಚ್ಚಿ ಹಿಡ್ಕೊಳ್ತಿದ್ದೆ. ಒಂದು ಸಲ ಯಾರೋ ಮಾತಾಡಿಸಿದರು, 'ಹ್ಞಾಂ' ಅಂದೆ, ತಳ ಗದ್ದೆ ಕೆಸರಿಗೆ ಬಿತ್ತು. ಈಗ ಜೇಬು. ಮದುವೆಗೆ ಕುಪ್ಯ (ನಮ್ಮ ಉದ್ದ ಕೋಟು) ಹಾಕಿದ್ದರೆ ಸೊಂಟಕ್ಕೆ ಕಟ್ಟುವ ಚೇಲೆಯೊಳಗೆ ಸಿಕ್ಕಿಸಬಹುದು, ಗಟ್ಟಿಯಾಗಿ ಕೂರುತ್ತೆ.

ಸೋಮವಾರಪೇಟೆ_ಜೋರ್ಕಿ:
ನಂದು ರಷ್ಯಾದ ಜೋರ್ಕಿ 4 ಕ್ಯಾಮೆರಾ. ಹಿಂಭಾಗ ಪೂರ್ತಿ ಕಳಚಿ ಬರುತ್ತೆ, ಕುರುಡನೂ ರೋಲ್ ಹಾಕಬಹುದು. ಮೊದಲು ಹಳೇ ಜೋರ್ಕಿ ಇತ್ತು. ಅದಕ್ಕೆ ಫಿಲ್ಮ್ ತುದಿಯನ್ನು ಸುಮಾರು 10 ಸೆಂ.ಮೀ. ಉದ್ದಕ್ಕೆ ಕತ್ತರಿಸಿ ಕೊಡಬೇಕಿತ್ತು. ಎಂ3ಗೆ ಅದು ಬೇಡ, ಪುಣ್ಯ ನಿಮ್ಮದು. ಅಂದಹಾಗೆ ನಿಮ್ಮ ಲಿವರ್ ಒಂದು ಎಳೆತದ್ದಾ, ಎರಡರದ್ದಾ? 1958ಕ್ಕಿಂತ ಹಿಂದಿನದಾದರೆ ಒಂದು ಫ್ರೇಮಿಗೆ ಎರಡು ಸಲ ಎಳೀಬೇಕು. ಅರ್ಧಕ್ಕೇ ನಿಲ್ಲಿಸಿ ಗಾಬರಿಯಾಗಬೇಡಿ.

ಪೊನ್ನಂಪೇಟೆ_ಹುಡುಗ:
ಎರಡು ಎಳೆತದ್ದೇ! ನಿನ್ನೆ ರಾತ್ರಿ ಕರೆಂಟ್ ಹೋಗಿತ್ತು, ಅವಧಿ ಮುಗಿದ ರೋಲ್ ಒಂದಿತ್ತು, ಕತ್ತಲಲ್ಲೇ ಕೂತು ಅಭ್ಯಾಸ ಮಾಡಿದೆ. ಎಂಟನೇ ಸಲಕ್ಕೆ ಒಂದೂವರೆ ನಿಮಿಷ. ಗುಂಡಿ ಹಿಂದಕ್ಕೆ ತಿರುಗೋದು ಬೆರಳಿಗೇ ಗೊತ್ತಾಗುತ್ತೆ ಅಣ್ಣಾ, ನೋಡೋದೂ ಬೇಡ. ಈಗ ಜಾಸ್ತಿ ಹೊತ್ತು ಹಿಡಿಯೋದು ಮುಗಿದ ರೋಲನ್ನು ಹಿಂದಕ್ಕೆ ಸುತ್ತೋದು.

ಹಳೇ_ಡಾರ್ಕ್‌ರೂಮ್:
ಅದಕ್ಕೆ ಉಪಾಯ ಇಲ್ಲ. ಎಂ4ಗೆ ಬೇಗ ಹಿಂದಕ್ಕೆ ಸುತ್ತೋಕೆ ಓರೆ ಕೈಹಿಡಿ ಕೊಟ್ಟರು, ನಮ್ಮದಕ್ಕೆ ಗುಂಡಿಯೇ ಗತಿ. ಮುಹೂರ್ತದ ಹೊತ್ತಿಗೆ ಕೌಂಟರ್ 30 ದಾಟಿದ್ದರೆ ಉಳಿದ ಐದಾರನ್ನು ಬಿಟ್ಟು ಮೊದಲೇ ಸುತ್ತಿಬಿಡು. ಅಲ್ಲ, ಪುತ್ತರಿಯ ಆ ರೋಲ್ ಏನು ಮಾಡಿದೆ? ಓಡಿಲ್ಲ ಅಂದ್ರೆ ಬೆಳಕೇ ಬಿದ್ದಿಲ್ಲ, ಮತ್ತೆ ಹಾಕಬಹುದು.

ಪೊನ್ನಂಪೇಟೆ_ಹುಡುಗ:
ಅಯ್ಯೋ. ಬೆಂಗಳೂರಿಗೆ ಕಳಿಸಿ ದುಡ್ಡು ಕೊಟ್ಟು ತೊಳೆಸಿದೆನಲ್ಲ.