ಮನೆಯಲ್ಲೇ ಇಂಗ್ಲಿಷ್ ಓದು: ಯಾವ ಫೋನಿಕ್ಸ್ (ಅಕ್ಷರಗಳ ಧ್ವನಿ ಕೂಡಿಸಿ ಓದುವ ವಿಧಾನ) ತಗೊಳ್ಳಲಿ?

ಕುವೆಂಪುನಗರ, ಮೈಸೂರು: ಮಗಳಿಗೆ 5 ವರ್ಷ, ಮನೆಯಲ್ಲೇ ಕಲಿಸುತ್ತಿದ್ದೇನೆ. ಎಬಿಸಿಡಿ ಪಟಪಟ ಹೇಳುತ್ತಾಳೆ. 'ಕ್ಯಾಟ್' ಅಂತ ಬರೆದು ತೋರಿಸಿದರೆ ಮಾತ್ರ 'ಸಿಯೇಟೀ' ಅನ್ನುತ್ತಾಳೆ! ಆನ್‌ಲೈನ್ ಕೋರ್ಸಿಗೆ 6,000 ಸುರಿದೆ, ಸುಮ್ನೆ ಹಾಡು, ಕುಣಿತ.

ಮಂಡ್ಯದಿಂದ: ಮೇಡಂ, ನಾನು ಜಾಲಿ ಫೋನಿಕ್ಸ್ ಅನ್ನೋ ಪಾಠಕ್ರಮ ಹಿಡಿದೆ. ಒಟ್ಟು 42 ಧ್ವನಿ. ಎಬಿಸಿ ಕ್ರಮ ಇಲ್ಲ. ಎಸ್, ಎ, ಟಿ, ಐ, ಪಿ, ಎನ್ ಮೊದಲು. ಈ ಆರರಲ್ಲೇ 'ಪಿನ್', 'ಟ್ಯಾಪ್' ಓದಬಹುದು. ಆದರೆ 'ಟ್' ಅನ್ನಿ, 'ಟ' ಬೇಡ. ನಮ್ಮ ಬಾಯಿಗೆ 'ಅ' ತಾನಾಗಿಯೇ ಅಂಟಿಕೊಳ್ಳುತ್ತದೆ. ಹಾಗಾದರೆ ಧ್ವನಿಗಳು ಕೂಡಿ ಪದ ಆಗುವುದೇ ಇಲ್ಲ. ನನ್ನ ಮಗ ತಿಂಗಳುಗಟ್ಟಲೆ 'ಪ-ಇ-ನ' ಅಂತ ಒದ್ದಾಡಿದ.

ಸರಸ್ವತಿಪುರಂ: ಮಗಳಿಗೆ ಕನ್ನಡ ಕಾಗುಣಿತ ಬರುತ್ತದಾ? ಕ್ ಜೊತೆ ಇ ಸೇರಿ ಕಿ. ಅದೇ ಆಟ ಅಲ್ವಾ!

ಕುವೆಂಪುನಗರ: ಅಯ್ಯೋ, ನಾನೂ 'ಟ' ಅಂತಲೇ ಹೇಳಿಕೊಟ್ಟಿದ್ದೆ.